ಕಡಲೂರಿನಲ್ಲಿ ಬಿಡಾರ

ಘಟ್ಟದ ಮೇಲಿನ ಊರುಗಳಿಂದ ಪ್ರತಿವರ್ಷವೂ ಎಷ್ಟೋ ಸಂಸಾರಗಳು ಮಂಗಳೂರಿಗೆ ಇಳಿದು ಬರುತ್ತವೆ. ಸರಕಾರಿ ಹುದ್ದೆ, ಬ್ಯಾಂಕು, ಬಂದರು, ಆಸ್ಪತ್ರೆ, ಕಾಲೇಜು, ಕಾರ್ಖಾನೆ, ಈಚೆಗೆ ಕಂಪ್ಯೂಟರಿನ ಉದ್ಯೋಗ, ಹೀಗೆ ಕಾರಣ ಯಾವುದಾದರೂ ಇರಲಿ, ಬರುವ ಕಾಲ ಹೆಚ್ಚಾಗಿ ಮೇ ತಿಂಗಳು. ಶಾಲೆಗಳಿಗೆ ಆಗ ರಜೆ. ಮಕ್ಕಳನ್ನು ಹೊಸ ಶಾಲೆಗೆ ಸೇರಿಸಲು ಅನುಕೂಲ. ಮನೆಯ ಯಜಮಾನನೊಬ್ಬನೇ ಮುಂದಾಗಿ ಬಂದು, ಎರಡು ದಿನ ಊರು ಸುತ್ತಿ, ಒಂದು ಮನೆಯನ್ನು ಗೊತ್ತುಮಾಡಿ ಹೋಗುವುದು ವಾಡಿಕೆ. ಕಚೇರಿ ಎಷ್ಟು ದೂರ, ಬಾಡಿಗೆ ಎಷ್ಟು, ಗೋಡೆಯ ಬಣ್ಣ ಹೊಸದೇ ಹಳೆಯದೇ, ಇಷ್ಟನ್ನು ನೋಡಿ ಮುಂಗಡ ಕೊಟ್ಟರೆ ಕೆಲಸ ಮುಗಿಯಿತೆಂದು ಆತನ ಎಣಿಕೆ.

ಹೀಗೆ ಮನೆ ಆಯ್ದ ಯಜಮಾನ ಬೆಳಿಗ್ಗೆ ಹೊರಟು ದೀಪ ಹಚ್ಚಿದ ಮೇಲೆ ಮರಳುವವನು. ಹಗಲೆಲ್ಲ ಆ ಮನೆಯಲ್ಲಿ, ಆ ಬೀದಿಯಲ್ಲಿ ಇರಬೇಕಾದವರು ಬೇರೆಯವರು. ಮಡದಿಯೂ ದುಡಿಯುವ ಮನೆಗಳು ಈಗ ಬಹಳ. ಅಂಥಲ್ಲಿ ಹಗಲಿನ ಒಡೆತನ ವಯಸ್ಸಾದ ತಂದೆತಾಯಿಗಳದು ಮತ್ತು ಶಾಲೆ ಬಿಟ್ಟು ಬಂದ ಮಕ್ಕಳದು. ನಾನು ಪ್ರೌಢಶಾಲೆಯ ಅಧ್ಯಾಪಕ. ಜೂನ್ ಆರಂಭದಲ್ಲಿ ಚುರುಕಾಗಿ ಬಂದು ಸೇರಿದ ಹೊಸ ಮಕ್ಕಳಲ್ಲಿ ಕೆಲವರು ಜುಲೈ ನಡುವಿಗೆ ಮೊದಲನೆಯ ಪಿರಿಯಡ್ಡಿನಲ್ಲಿಯೇ ತೂಕಡಿಸುವುದನ್ನು ಪ್ರತಿವರ್ಷವೂ ಕಾಣುತ್ತೇನೆ. ವಿಚಾರಿಸಿದರೆ ತಿಳಿಯುವುದು ಇಷ್ಟೆ: ಬೆಳಿಗ್ಗೆ ಆರೂವರೆಗೆ ಮನೆ ಬಿಡಬೇಕು, ಎರಡು ಬಸ್ಸು ಹತ್ತಿಳಿಯಬೇಕು, ನಿನ್ನೆ ಒದ್ದೆಯಾದ ಬೂಟು ಇಂದೂ ಒಣಗಿಲ್ಲ. ಆ ಮಗುವಿನ ಬುದ್ಧಿಯಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಮೇ ತಿಂಗಳಲ್ಲಿ ಅವಸರದಿಂದ ಆದ ಬಿಡಾರದ ಆಯ್ಕೆಯಲ್ಲಿ.

ಆದ್ದರಿಂದ ಮನೆಯನ್ನು ಆಯುವ ಮೊದಲು ನೆರೆಯನ್ನು ಆಯಬೇಕು; ಅದನ್ನು ಹಗಲೆಲ್ಲ ಅಲ್ಲಿಯೇ ಇರುವವರ ಕಾಲಳತೆಯಿಂದ ಅಳೆಯಬೇಕು. ಈ ಒಂದು ಮಾತನ್ನೇ ಇಂದು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ.

'ನೆರೆ' ಎಂಬುದು ನಮ್ಮ ಭಾಷೆಯ ಒಂದು ವಿಚಿತ್ರವಾದ ಪದ. ನೆರೆಮನೆ, ನೆರೆಹೊರೆ ಎಂದಾಗ ಅದಕ್ಕೆ ಪಕ್ಕ, ಸಮೀಪ ಎಂದು ಅರ್ಥ. ಹೊಳೆಗೆ ನೆರೆ ಬಂತು ಎಂದಾಗ ಪ್ರವಾಹವೆಂದು ಅರ್ಥ. ಜನ ನೆರೆದರು ಎಂದಾಗ ಒಂದುಗೂಡಿದರು ಎಂದರ್ಥ. ಒಳನಾಡಿನ ಊರಿನಲ್ಲಿ ಬಿಡಾರ ಹೂಡುವವನು ಮೊದಲನೆಯ ನೆರೆಯೊಂದನ್ನು ವಿಚಾರಿಸಿದರೆ ಸಾಕಾದೀತು. ಕಡಲೂರಿಗೆ ಬಂದವನು ಎರಡನ್ನೂ ವಿಚಾರಿಸಬೇಕು. ನೀರಿನ ನೆರೆಯನ್ನೂ ಕೇಳಬೇಕು, ಜನದ ನೆರೆಯನ್ನೂ ಕೇಳಬೇಕು.

ಮೊದಲು ನೀರಿನ ಮಾತು. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1,000 ಮಿಲಿಮೀಟರು. ಮಂಗಳೂರಿನಲ್ಲಿ ಅದು 3,500 ಮಿಲಿಮೀಟರನ್ನು ಮೀರುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಈ ನೀರು ಹೋಗಲು ಊರಿನ ತೆಂಕಣ ಮಗ್ಗುಲಿನಲ್ಲಿ ನೇತ್ರಾವತಿ, ಬಡಗಣ ಮಗ್ಗುಲಿನಲ್ಲಿ ಫಲ್ಗುಣಿ ಎಂದೂ ಕರೆಯುವ ಗುರುಪುರ ಹೊಳೆ. ಎರಡೂ ಪಡುವಣಕ್ಕೆ ಹರಿದು ಒಂದೇ ಅಳಿವೆಯಲ್ಲಿ ಕಡಲನ್ನು ಸೇರುತ್ತವೆ. ನಡುವೆ ಇರುವುದು ಮುರಕಲ್ಲಿನ ಗುಡ್ಡಗಳು ಮತ್ತು ಅವುಗಳ ಸಂದಿನ ತಗ್ಗುಗಳು. ಜೋರು ಮಳೆಯೂ ಕಡಲಿನ ಭರತವೂ ಕೂಡಿ ಬಂದ ಹೊತ್ತಿನಲ್ಲಿ ಹೊಳೆ ನೀರನ್ನು ಬೇಗನೆ ಒಳಗೆ ತೆಗೆದುಕೊಳ್ಳದು. ತೋಡುಗಳಲ್ಲಿ ಬಂದ ನೀರು ತಗ್ಗಿನಲ್ಲಿ ನಿಲ್ಲುತ್ತದೆ. 2018ರ ಮೇ 29ರಂದು ಒಂದೇ ದಿನದ ಮಳೆಗೆ ನಗರದ ತಗ್ಗು ಭಾಗಗಳು ಮುಳುಗಿದ್ದನ್ನು ಇಲ್ಲಿನವರು ಮರೆತಿಲ್ಲ. ಕೊಟ್ಟಾರ ಚೌಕಿಯ ಸುತ್ತಿನವರಿಗಂತೂ ಇಂಥ ಅನುಭವ ಒಂದು ಸಲಕ್ಕೆ ಮುಗಿದುದಲ್ಲ.

ಹೊಸಬರಿಗೆ ತಗ್ಗು ಯಾವುದು, ಎತ್ತರ ಯಾವುದು ಎಂದು ಮೇ ತಿಂಗಳ ಬಿಸಿಲಿನಲ್ಲಿ ತಿಳಿಯುವುದು ಹೇಗೆ? ಈ ನಾಡಿನ ಸ್ಥಳನಾಮಗಳೇ ಒಂದಿಷ್ಟು ಹೇಳುತ್ತವೆ. ಗದ್ದೆಗಳನ್ನು ಇಲ್ಲಿ ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ವಿಂಗಡಿಸುವುದುಂಟು. ಬೈಲು ಎಂದರೆ ತೀರ ತಗ್ಗಿನ, ಸದಾ ನೀರಿನ ಪಸೆಯಿರುವ ಗದ್ದೆ. ಬೆಟ್ಟು ಎಂದರೆ ಮಳೆನೀರನ್ನೇ ನಂಬಿದ ಎತ್ತರದ ಗದ್ದೆ. ಮಜಲು ಇವೆರಡರ ನಡುವಣದು. ಪದವು ಎಂದರೆ ಗುಡ್ಡದ ಮೇಲಿನ ಬಯಲಾದ ಮುರಕಲ್ಲಿನ ನೆಲ. ಗುಡ್ಡೆಯ ಅರ್ಥವನ್ನು ಹೇಳಬೇಕಾಗಿಲ್ಲ. ಕುದುರು ಅಥವಾ ಕುದ್ರು ಎಂದರೆ ಹೊಳೆಯ ನಡುವಣ ನಡುಗಡ್ಡೆ. ಕುಂದಾಪುರದ ಬಳಿಯ ಉಪ್ಪಿನಕುದ್ರು ಇದಕ್ಕೆ ಸಾಕ್ಷಿ. ಹಳಬರು ಸುಮ್ಮನೆ ಹೆಸರಿಟ್ಟವರಲ್ಲ. ಪದವಿನಂಗಡಿ, ಮಣ್ಣಗುಡ್ಡೆ ಎಂಬ ಹೆಸರು ಕೇಳಿದರೆ ಅಲ್ಲಿನ ನೆಲದ ಬಗೆ ಅರ್ಧ ತಿಳಿದಂತೆಯೇ.

ಹಾಗೆಂದ ಮಾತ್ರಕ್ಕೆ ಬೈಲೆಂಬ ಹೆಸರಿದ್ದಲ್ಲೆಲ್ಲ ನೀರು ನಿಲ್ಲುತ್ತದೆಂದು ತಿಳಿಯಬಾರದು. ಕೊಡಿಯಾಲಬೈಲು, ದೇರೆಬೈಲುಗಳ ಹೆಸರು ಈಗ ದೊಡ್ಡ ಪ್ರದೇಶಗಳಿಗೆ ಹಬ್ಬಿದೆ. ಅವುಗಳಲ್ಲಿ ಎತ್ತರದ ಬೀದಿಗಳೂ ಬೇಕಾದಷ್ಟುಂಟು. ಇನ್ನೊಂದೆಡೆ, ಗದ್ದೆಗೆ ಮಣ್ಣು ತುಂಬಿಸಿ ಕಟ್ಟಿದ ಬಡಾವಣೆಗೆ ಚೆಲುವಾದ ಹೊಸ ಹೆಸರನ್ನಿಟ್ಟಿರಬಹುದು. ಹೆಸರು ಸೂಚನೆ ಮಾತ್ರ. ನಿರ್ಣಯಕ್ಕೆ ಕಣ್ಣು ಬೇಕು. ಮನೆಯ ಕಂಪೌಂಡು ಗೋಡೆಯಲ್ಲಿ ಹಳೆಯ ನೀರಿನ ಗೆರೆ ಇದೆಯೆ? ಪಕ್ಕದ ತೋಡು ತೆರೆದಿದೆಯೆ, ಇಲ್ಲ ಅದರ ಮೇಲೆಯೇ ಯಾರಾದರೂ ಗೋಡೆ ಎಬ್ಬಿಸಿದ್ದಾರೆಯೆ? ಬೀದಿಗಿಂತ ಮನೆಯ ಮೆಟ್ಟಿಲು ಎಷ್ಟು ಮೇಲಿದೆ? ಇವನ್ನು ನೋಡಲು ಎಂಜಿನಿಯರು ಬೇಕಾಗಿಲ್ಲ.

ಎತ್ತರವೆಂದರೆ ನಿರ್ಭಯವೆಂದೂ ಅಲ್ಲ. ಗುಡ್ಡವನ್ನು ನೆಟ್ಟಗೆ ಕಡಿದು ನಿವೇಶನ ಮಾಡಿದಲ್ಲಿ ಮೇಲಿನವನ ಗೋಡೆ ಕೆಳಗಿನವನ ತಲೆಯ ಮೇಲಿರುತ್ತದೆ. 2024ರ ಜೂನ್ ತಿಂಗಳಲ್ಲಿ ಉಳ್ಳಾಲದ ಕಡೆ ಮಳೆಗೆ ಕಂಪೌಂಡು ಗೋಡೆ ಕುಸಿದು ಕೆಳಗಿನ ಮನೆಯ ಮೇಲೆ ಬಿದ್ದು, ಒಂದೇ ಸಂಸಾರದ ನಾಲ್ವರು ಮಡಿದರು. 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ಗುಡ್ಡೆ ಮಳೆಗೆ ಜಾರಿ ಕೆಳಗಿನ ಮಂದಾರದ ಮನೆ ತೋಟಗಳ ಮೇಲೆ ಬಂತು. ಆದ್ದರಿಂದ ಮನೆಯ ಹಿಂದಕ್ಕೆ ಹೋಗಿ ನೋಡದೆ ಮುಂಗಡ ಕೊಡಬಾರದು. ಹಿಂದೆ ಕಡಿದ ದರೆ ಇದ್ದರೆ ಅದಕ್ಕೆ ಆಸರೆಯ ಗೋಡೆಯುಂಟೆ, ಗೋಡೆಯಲ್ಲಿ ನೀರು ಹೊರಬರಲು ಕಂಡಿಗಳುಂಟೆ ಎಂದು ಪರೀಕ್ಷಿಸಬೇಕು. ಕಡಲು ಕಾಣುವ ಮನೆ ಬೇಕೆಂಬ ಆಸೆಯೂ ಘಟ್ಟದ ಮೇಲಿನವರಿಗೆ ಸಹಜ. ಉಳ್ಳಾಲ, ಸೋಮೇಶ್ವರ, ಉಚ್ಚಿಲದ ತೀರಗಳಲ್ಲಿ ಮಳೆಗಾಲದ ಕಡಲು ನೆಲವನ್ನು ಕೊರೆದು ತೆಂಗಿನ ಮರಗಳನ್ನೂ ಮನೆಗಳನ್ನೂ ಕೆಡಹುವುದು ಹಲವು ವರ್ಷಗಳಿಂದ ನಡೆದುಬಂದಿದೆ. ಕಡಲನ್ನು ಸಂಜೆ ಹೋಗಿ ನೋಡಿ ಬರಬಹುದು. ಅದು ಹಿತ್ತಿಲಿನಲ್ಲಿಯೇ ಇರಬೇಕಾಗಿಲ್ಲ.

ಇಷ್ಟು ಮಳೆ ಬೀಳುವ ಊರಿನಲ್ಲಿ ಬೇಸಗೆಗೆ ನೀರಿನ ತೊಂದರೆ ಬರುತ್ತದೆಂದರೆ ಹೊಸಬರು ನಂಬುವುದಿಲ್ಲ. ನಗರಕ್ಕೆ ಕುಡಿಯುವ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಮುಂಗಾರು ತಡವಾದ ವರ್ಷಗಳಲ್ಲಿ ಅಲ್ಲಿನ ಮಟ್ಟ ಇಳಿದು, 2019ರಲ್ಲಿಯೂ 2023ರಲ್ಲಿಯೂ ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಆಗ ಆಸರೆಯಾಗುವುದು ಮನೆಯ ಬಾವಿ. ಹೊಳೆಯ ಅಂಚಿನ ಬಾವಿಗಳಿಗೆ ಬೇಸಗೆಯಲ್ಲಿ ಉಪ್ಪು ನೀರು ನುಗ್ಗುವುದುಂಟು. ಬಾವಿ ಇದೆಯೆ ಎಂದು ಮನೆಯೊಡೆಯನನ್ನು ಕೇಳಿದರೆ ಇದೆ ಎನ್ನುತ್ತಾನೆ, ಅದು ನಿಜವೇ. ಕೇಳಬೇಕಾದ್ದು ಪಕ್ಕದ ಮನೆಯ ಅಕ್ಕನವರನ್ನು. "ನೀರು ಉಂಟು, ಬತ್ತುವುದಿಲ್ಲ, ಆದರೆ ಎಪ್ರಿಲ್ ನಂತರ ಸ್ವಲ್ಪ ಉಪ್ಪು ಬರ್ತದೆ" ಎಂದು ಅವರು ಒಂದೇ ಮಾತಿನಲ್ಲಿ ಇಡೀ ವಿಷಯವನ್ನು ಹೇಳಿಬಿಡುತ್ತಾರೆ.

ನೀರಿನ ಜೊತೆಗೇ ಬರುವುದು ಸೊಳ್ಳೆ. ಮಂಗಳೂರು ಬಹುಕಾಲ ಮಲೇರಿಯಕ್ಕೆ ಹೆಸರಾಗಿತ್ತು. ಈಚಿನ ವರ್ಷಗಳ ಪ್ರಯತ್ನದಿಂದ ಅದು ಬಹಳ ಮಟ್ಟಿಗೆ ಇಳಿದಿದೆ. 2019ರಲ್ಲಿ ಡೆಂಗಿ ಜ್ವರ ಹಬ್ಬಿ ಜನ ಮತ್ತೆ ಎಚ್ಚರಾದರು. ಪಕ್ಕದಲ್ಲಿ ಅರ್ಧಕ್ಕೆ ನಿಂತ ಕಟ್ಟಡವಿದ್ದು, ಅದರ ಹೊಂಡದಲ್ಲಿಯೂ ತಾರಸಿಯಲ್ಲಿಯೂ ನೀರು ನಿಂತಿದ್ದರೆ, ಚಿಕ್ಕ ಮಕ್ಕಳಿರುವವರು ಬೇರೆ ಮನೆ ನೋಡುವುದು ಲೇಸು. ನೀರಿನ ಟಾಂಕಿಗೂ ಬಾವಿಗೂ ಮುಚ್ಚಳ ಅಥವಾ ಬಲೆ ಇದೆಯೆ ಎಂದು ಕೇಳಲು ಸಂಕೋಚ ಬೇಡ.

ಇನ್ನು ದಾರಿಯ ಮಾತು. ನಕಾಶೆಯಲ್ಲಿ ಮೂರು ಕಿಲೋಮೀಟರು ಎಂದು ಕಂಡದ್ದು ಮಗುವಿನ ಕಾಲಿಗೆ ಎಷ್ಟು ಎಂಬುದು ಬೇರೆಯೇ ಲೆಕ್ಕ. ಈ ಊರಿನಲ್ಲಿ ಎರಡು ಗೆರೆಗಳನ್ನು ಮನಸ್ಸಿನಲ್ಲಿ ಎಳೆದುಕೊಳ್ಳಬೇಕು. ಒಂದು ಹೊಳೆ, ಇನ್ನೊಂದು ಹೆದ್ದಾರಿ. ರಾಷ್ಟ್ರೀಯ ಹೆದ್ದಾರಿ 66 ಬಡಗಲಿನ ಸುರತ್ಕಲ್ಲಿನಿಂದ ಪಣಂಬೂರು, ಕೂಳೂರು, ಕೊಟ್ಟಾರ, ನಂತೂರು, ಪಂಪ್‌ವೆಲ್ ಹಾದು, ನೇತ್ರಾವತಿಯನ್ನು ದಾಟಿ ತೊಕ್ಕೊಟ್ಟಿಗೆ ಹೋಗುತ್ತದೆ. ಕೂಳೂರಿನಲ್ಲಿ ಒಂದು ಹೊಳೆ, ಉಳ್ಳಾಲದ ಬಳಿ ಇನ್ನೊಂದು. ಬಂದರಿನ ಲಾರಿಗಳೂ ಊರಿನ ಬಸ್ಸುಗಳೂ ಆ ಸೇತುವೆಗಳಿಗೇ ಬರಬೇಕು. ಸೇತುವೆಯ ಮೇಲೆ ಒಂದು ಲಾರಿ ಕೆಟ್ಟು ನಿಂತರೆ ಈ ದಡದವರು ಈ ದಡದಲ್ಲಿ, ಆ ದಡದವರು ಆ ದಡದಲ್ಲಿ. ಆದ್ದರಿಂದ ನನ್ನ ಸರಳವಾದ ಸೂತ್ರ ಇದು: ಮಗುವಿನ ಶಾಲೆಯೂ ಮನೆಯೂ ಹೊಳೆಯ ಒಂದೇ ದಡದಲ್ಲಿರಲಿ, ಹೆದ್ದಾರಿಯ ಒಂದೇ ಮಗ್ಗುಲಿನಲ್ಲಿರಲಿ. ದೊಡ್ಡವರು ಹೊಳೆ ದಾಟಿ ಕೆಲಸಕ್ಕೆ ಹೋಗಬಹುದು; ತಡವಾದರೆ ಮೇಲಧಿಕಾರಿಗೆ ಕಾರಣ ಹೇಳಬಲ್ಲರು. ಮಗು ಏನು ಹೇಳೀತು?

ಊರಿನ ನಡುವಿನಲ್ಲಿಯೇ ಇರಬೇಕೆಂಬ ಹಟವೂ ಬೇಡ. ಮಂಗಳೂರು ಈಗ ಒಂದು ಊರಲ್ಲ, ಮೂರು ನಾಲ್ಕು ಊರುಗಳ ಕೂಟ. ಪಣಂಬೂರಿನ ಬಂದರಿನಲ್ಲಿ, ಬೈಕಂಪಾಡಿಯ ಕೈಗಾರಿಕೆಗಳಲ್ಲಿ ಕೆಲಸವಿರುವವರಿಗೆ ಸುರತ್ಕಲ್ಲಿನ ಸುತ್ತಿನಲ್ಲಿ ಶಾಲೆ, ಅಂಗಡಿ, ವೈದ್ಯರು ಎಲ್ಲವೂ ಉಂಟು. ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳಿಗೆ ಬರುವವರಿಗೆ ತೊಕ್ಕೊಟ್ಟಿನ ಕಡೆ ಅನುಕೂಲ. ನಗರದೊಳಗೇ ಇರುವವರಿಗೆ ಕದ್ರಿ, ಬಿಜೈ, ಬೆಂದೂರು, ಅತ್ತಾವರ, ಉರ್ವ ಮೊದಲಾದ ಹಳೆಯ ಭಾಗಗಳಲ್ಲಿ ಶಾಲೆಗಳು ಹತ್ತಿರ, ಆಸ್ಪತ್ರೆಗಳು ಹತ್ತಿರ, ಬಸ್ಸು ಹೆಚ್ಚು. ಬಾಡಿಗೆಯೂ ಹೆಚ್ಚು, ಅಡ್ಡರಸ್ತೆಗಳು ಇಕ್ಕಟ್ಟು. ಕಾವೂರು, ಬೊಂದೇಲ್, ಶಕ್ತಿನಗರದ ಕಡೆ ಗಾಳಿ ಬೆಳಕು ಚೆನ್ನು. ಸಂಜೆಯ ನಂತರ ಬಸ್ಸು ಎಷ್ಟು ಹೊತ್ತಿನವರೆಗೆ ಇದೆ ಎಂದು ಕೇಳಿಕೊಳ್ಳಬೇಕು. ನಗರದ ಬಸ್ಸುಗಳಲ್ಲಿ ಹೆಚ್ಚಿನವು ಕೊನೆಗೆ 'ಸ್ಟೇಟ್‌ಬ್ಯಾಂಕ್' ಎಂಬ ನಿಲ್ದಾಣವನ್ನು ಸೇರುತ್ತವೆ. ಆಸ್ಪತ್ರೆಗೂ ಪೇಟೆಗೂ ಹೋಗುವ ಮುದುಕರಿಗೆ ಅಲ್ಲಿಗೆ ಒಂದೇ ಬಸ್ಸಿನಲ್ಲಿ ಹೋಗಿ ಬರುವಂತಿದ್ದರೆ ಮಗನ ಬಿಡುವಿಗೆ ಕಾಯಬೇಕಾಗಿಲ್ಲ. ವಯಸ್ಸಾದವರಿಗೆ ಇದೂ ಒಂದು ಸ್ವಾತಂತ್ರ್ಯವೇ.

ಶಾಲೆಯ ಹೆಸರಿಗೆ ಮರುಳಾಗಿ ಹತ್ತು ಹದಿನೈದು ಕಿಲೋಮೀಟರು ಮಕ್ಕಳನ್ನು ಓಡಾಡಿಸುವವರಿದ್ದಾರೆ. ಈ ಊರಿನಲ್ಲಿ ನೂರು ವರ್ಷ ದಾಟಿದ ಶಾಲೆಗಳು ಹಲವಿವೆ. ಅವುಗಳ ಕೀರ್ತಿ ಸುಳ್ಳಲ್ಲ. ಆದರೆ 2009ರ ಶಿಕ್ಷಣ ಹಕ್ಕು ಕಾಯಿದೆ 'ನೆರೆಹೊರೆಯ ಶಾಲೆ' ಎಂಬ ಮಾತನ್ನು ಸುಮ್ಮನೆ ಆಡಲಿಲ್ಲ. ಅದರಡಿ ಮಾಡಿದ ಕೇಂದ್ರದ ನಿಯಮಗಳು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ನಡೆದು ಹೋಗುವ 1 ಕಿಲೋಮೀಟರಿನೊಳಗೆ, ಆರರಿಂದ ಎಂಟನೆಯ ತರಗತಿಯವರಿಗೆ 3 ಕಿಲೋಮೀಟರಿನೊಳಗೆ ಶಾಲೆ ಇರಬೇಕೆನ್ನುತ್ತವೆ. ಹತ್ತಿರದ ಶಾಲೆಗೆ ಹೋಗುವ ಮಗುವಿಗೆ ದಿನಕ್ಕೆ ಎರಡು ಗಂಟೆ ಉಳಿಯುತ್ತದೆ. ಅದರಲ್ಲಿ ಒಂದು ಗಂಟೆ ಆಟಕ್ಕೆ, ಒಂದು ಗಂಟೆ ನಿದ್ರೆಗೆ ಹೋದರೂ ಪಾಠಕ್ಕೆ ಲಾಭವೇ. ಭಾರಿ ಮಳೆಯ ದಿನ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುವುದು ಇಲ್ಲಿ ವಾಡಿಕೆ. ಮಗು ಮನೆ ಬಿಟ್ಟ ಮೇಲೆ ಆಕಾಶ ಕವಿದುಕೊಂಡರೆ, ಹೆತ್ತವರ ಎದೆ ಎಷ್ಟು ಹೊಡೆದುಕೊಳ್ಳುತ್ತದೆಂಬುದು ಶಾಲೆ ಎಷ್ಟು ದೂರವಿದೆಯೆಂಬುದನ್ನು ಅವಲಂಬಿಸಿದೆ.

ನೀರಿನ ನೆರೆಯ ಮಾತಾಯಿತು. ಇನ್ನು ಜನದ ನೆರೆ.

ಈ ಊರಿಗೆ ತುಳುವಿನಲ್ಲಿ ಕುಡ್ಲವೆಂದು ಹೆಸರು, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿ ಭಾಷೆಯಲ್ಲಿ ಮೈಕಾಲ, ಕನ್ನಡದಲ್ಲಿ ಮಂಗಳೂರು. ಒಂದು ಊರಿಗೆ ಇಷ್ಟು ಹೆಸರಿದ್ದರೆ ಒಂದು ಬೀದಿಯಲ್ಲಿ ಎಷ್ಟು ಮಾತಿರಬೇಡ! ಘಟ್ಟದ ಮೇಲಿನಿಂದ ಬಂದವರಿಗೆ ಇದರಿಂದ ಮೊದಲು ಗಾಬರಿಯಾಗುತ್ತದೆ. 'ನಮ್ಮವರು ಇರುವ ಕಡೆ ಮನೆ ಇದೆಯೆ' ಎಂದು ಹುಡುಕತೊಡಗುತ್ತಾರೆ. ಮನೆಯೊಡೆಯರಲ್ಲಿಯೂ ಕೆಲವರು ಬಾಡಿಗೆಯ ಮಾತಿಗಿಂತ ಮೊದಲು ಜಾತಿಯನ್ನೂ ಊಟವನ್ನೂ ಕೇಳುತ್ತಾರೆ. ಕರಾವಳಿಯಲ್ಲಿ ಕೋಮುಕೋಮುಗಳ ಮನಸ್ತಾಪದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುವುದರಿಂದ, ತಮ್ಮವರ ನಡುವೆ ಇದ್ದರೆ ಕ್ಷೇಮವೆಂಬ ಭಾವನೆ ಬಲಿಯುತ್ತದೆ. ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಅಧ್ಯಾಪಕನಾಗಿ ನನ್ನ ಅಭಿಪ್ರಾಯ ಬೇರೆ: ಮಕ್ಕಳಿರುವ ಸಂಸಾರಕ್ಕೆ ಹಲವು ಬಗೆಯ ಜನ ಬೆರೆತು ಬಾಳುವ ಬೀದಿಯೇ ಮೇಲು.

ಕಾರಣ ಬಹಳ ಲೌಕಿಕವಾದದ್ದು. ನಡುರಾತ್ರಿ ಮಗುವಿಗೆ ಜ್ವರವೇರಿದಾಗ, ತೋಡಿನ ನೀರು ಅಂಗಳಕ್ಕೆ ಬಂದಾಗ, ರಿಕ್ಷಾ ತರುವವನು ಪಕ್ಕದ ಮನೆಯವನೇ ಹೊರತು ದೂರದ ಬಂಧುವಲ್ಲ. ಪಕ್ಕದಲ್ಲಿ ಪುರ್ಬುಗಳ ಮನೆಯಿದ್ದರೆ ಕ್ರಿಸ್‌ಮಸ್ಸಿನ ಕುಸ್ವಾರ್ ತಟ್ಟೆ ಬರುತ್ತದೆ. ಬ್ಯಾರಿಗಳ ಮನೆಯಿದ್ದರೆ ಹಬ್ಬದ ಸಿಹಿ ಬರುತ್ತದೆ. ಚೌತಿಯ ಕಡುಬು ನಮ್ಮಿಂದ ಹೋಗುತ್ತದೆ. ಹೀಗೆ ತಟ್ಟೆಗಳು ಹೋಗಿ ಬರುವ ಬೀದಿಯಲ್ಲಿ ಗಾಳಿಮಾತುಗಳಿಗೆ ಬೇಗನೆ ಎಡೆ ಸಿಗದು. ಪತ್ರಿಕೆಯಲ್ಲಿ ಮಾತ್ರ ಪರಿಚಯವಾದ ಸಮುದಾಯದ ಮೇಲೆ ಹುಟ್ಟುವಷ್ಟು ಸಂಶಯ, ದಿನವೂ ಗೇಟಿನ ಹತ್ತಿರ ಕಾಣುವ ಮನುಷ್ಯನ ಮೇಲೆ ಹುಟ್ಟುವುದಿಲ್ಲ.

ಮಕ್ಕಳ ಕನ್ನಡ ಕೆಟ್ಟುಹೋದೀತೆಂದು ಹೆದರುವ ಹೆತ್ತವರೂ ಇದ್ದಾರೆ. ಕನ್ನಡ ಪಂಡಿತನಾಗಿ ಅವರಿಗೆ ಧೈರ್ಯ ಹೇಳುತ್ತೇನೆ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟದ್ದು ಈ ಊರಿನಿಂದ. ಕಿಟ್ಟೆಲರ ಕನ್ನಡ ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು ಇಲ್ಲಿಯ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಅವರ ಕನ್ನಡಕ್ಕೆ ಅದರಿಂದ ಕುಂದಾಯಿತೆಂದು ಯಾರೂ ಹೇಳರು. ಬೀದಿಯಲ್ಲಿ ಆಡುವ ಮಗು ಮಳೆಗಾಲ ಮುಗಿಯುವ ಹೊತ್ತಿಗೆ ತುಳುವಿನಲ್ಲಿ ಜಗಳವಾಡಲು ಕಲಿತಿರುತ್ತದೆ. ಜಗಳವಾಡಲು ಬಂದ ಮೇಲೆ ಸ್ನೇಹ ಮಾಡಲು ತಡವಿಲ್ಲ. ಅಂಥ ಮಗುವಿನ ಕಿವಿ ಸೂಕ್ಷ್ಮವಾಗುವುದನ್ನು ತರಗತಿಯಲ್ಲಿ ಕಂಡಿದ್ದೇನೆ. ವ್ಯಾಕರಣ ಹೇಳುವಾಗ ಒಂದು ಭಾಷೆಯನ್ನು ಇನ್ನೊಂದರ ಪಕ್ಕ ಇಟ್ಟು ನೋಡುವುದು ಅದಕ್ಕೆ ತಾನಾಗಿಯೇ ಬರುತ್ತದೆ.

ಒಳ್ಳೆಯ ನೆರೆಯನ್ನು ಗುರುತಿಸುವುದು ಹೇಗೆ? ಸಂಜೆ ಐದರಿಂದ ಆರೂವರೆಯವರೆಗೆ ಆ ಬೀದಿಯಲ್ಲಿ ನಡೆದುನೋಡಿ. ಮಕ್ಕಳು ಹೊರಗೆ ಆಡುತ್ತಿದ್ದಾರೆಯೆ? ಮುದುಕರು ಕೂರಲು ಒಂದು ಕಟ್ಟೆ, ಮರದ ನೆರಳು, ದೇವಸ್ಥಾನದ ಅಂಗಳ ಇದೆಯೆ? ಹೆಂಗಸರು ಒಬ್ಬೊಬ್ಬರೇ ಅಂಗಡಿಗೆ ಹೋಗಿ ಬರುತ್ತಿದ್ದಾರೆಯೆ? ಬೀದಿದೀಪ ಹೊತ್ತುತ್ತದೆಯೆ? ಮೂಲೆಯ ಜಿನಸಿನ ಅಂಗಡಿಯವನು ಗಿರಾಕಿಗಳನ್ನು ಹೆಸರು ಹಿಡಿದು ಮಾತಾಡಿಸುತ್ತಾನೆಯೆ? ಗೇಟು ಎಷ್ಟು ದೊಡ್ಡದು, ಕಾವಲುಗಾರನಿದ್ದಾನೆಯೆ ಎಂಬುದಕ್ಕಿಂತ ಈ ಪ್ರಶ್ನೆಗಳ ಉತ್ತರ ಹೆಚ್ಚು ಭರವಸೆ ಕೊಡುತ್ತದೆ. ಹೆಸರು ಹಿಡಿದು ಕರೆಯುವ ಅಂಗಡಿಯವನು ನಿಮ್ಮ ಮಗುವಿನ ಹೆಸರನ್ನೂ ಒಂದು ತಿಂಗಳಲ್ಲಿ ಕಲಿಯುತ್ತಾನೆ. ಅದು ದಾರಿ ತಪ್ಪಿದರೆ ಕರೆದು ಮನೆಗೆ ಕಳುಹಿಸುತ್ತಾನೆ.

ಇಷ್ಟೆಲ್ಲ ವಿಚಾರಿಸಲು ಎರಡು ದಿನ ಸಾಲದು ಎಂದು ನೀವು ಕೇಳಬಹುದು. ಸಾಲದು, ನಿಜ. ಅದಕ್ಕಾಗಿಯೇ ಮೊದಲ ವರ್ಷ ಮನೆ ಕೊಳ್ಳಬೇಡಿ, ಬಾಡಿಗೆಗೆ ಇರಿ. ಹನ್ನೊಂದು ತಿಂಗಳ ಕರಾರು ಇಲ್ಲಿಯೂ ರೂಢಿಯಲ್ಲಿದೆ; ಅಷ್ಟರಲ್ಲಿ ಒಂದು ಮಳೆಗಾಲ, ಒಂದು ಬೇಸಗೆ ಕಳೆಯುತ್ತದೆ. ಮನೆ ನೋಡಲು ಬರುವಾಗ ಒಬ್ಬರೇ ಬರಬೇಡಿ. ತಾಯಿಯನ್ನೋ ಮಡದಿಯನ್ನೋ ಕರೆತನ್ನಿ. ಮೊಣಕಾಲು ನೋವಿರುವ ತಾಯಿ ಏರುದಾರಿಯಲ್ಲಿ ಎಲ್ಲಿ ನಿಂತು ಉಸಿರು ಬಿಡುತ್ತಾರೋ ಅದನ್ನು ಗಮನಿಸಿ. ಆದರೆ ಜೂನ್ ಕೊನೆಯ ವಾರದಲ್ಲಿ ಇನ್ನೊಮ್ಮೆ ಬನ್ನಿ, ಕೊಡೆ ಹಿಡಿದು ಮನೆಯಿಂದ ಶಾಲೆಗೆ ಮಗುವಿನ ಜೊತೆ ನಡೆದುನೋಡಿ. ಬಟ್ಟೆ ಒಣಗಿಸಲು ಮಾಡಿನಡಿ ಜಾಗವಿದೆಯೆ, ತಾರಸಿಯ ಮೇಲೆ ಶೀಟು ಹೊದಿಸಿದ್ದಾರೆಯೆ, ಗೋಡೆ ಬೆವರುತ್ತದೆಯೆ ಎಂಬುದು ಆಗ ಕೇಳದೆಯೇ ತಿಳಿಯುತ್ತದೆ.

ಮನೆಯಲ್ಲಿ ಕೊರತೆಯಿದ್ದರೆ ರಿಪೇರಿ ಮಾಡಿಸಬಹುದು. ಸೋರುವ ಮಾಡಿಗೆ ಹೆಂಚು ಬದಲಾಯಿಸಬಹುದು, ಬಾವಿಗೆ ಬಲೆ ಹಾಕಿಸಬಹುದು, ಬಣ್ಣ ಬಳಿಸಬಹುದು. ತಗ್ಗನ್ನು ಎತ್ತರ ಮಾಡಲಾಗದು, ಹೆದ್ದಾರಿಯನ್ನು ಆಚೆಗೆ ಸರಿಸಲಾಗದು, ಮಾತನಾಡದ ಬೀದಿಯನ್ನು ಹಣ ಕೊಟ್ಟು ಮಾತನಾಡಿಸಲಾಗದು. ರಿಪೇರಿಗೆ ಬಾರದುದನ್ನು ಮೊದಲು ನೋಡಿ, ರಿಪೇರಿಗೆ ಬರುವುದನ್ನು ಆಮೇಲೆ ನೋಡುವುದು ವಿವೇಕ. ಹಾಗೆ ಆಯ್ದ ಬಿಡಾರದಲ್ಲಿ ನಿಮ್ಮ ಮಕ್ಕಳು ಜುಲೈ ತಿಂಗಳಲ್ಲಿಯೂ ತರಗತಿಯಲ್ಲಿ ಕಣ್ಣು ತೆರೆದು ಕೂರುತ್ತಾರೆ. ಪಾಠ ಹೇಳುವವನಿಗೆ ಅದಕ್ಕಿಂತ ಹೆಚ್ಚಿನ ಆಸೆಯಿಲ್ಲ.